ಮೂಡಲ ಬಾಗಿಲು ತೆರೆದೇ ಇದೆ. ಪಡುವಲ ಬಾಗಿಲ ಬೀಗ ತೆಗೆಯುವವರು ಯಾರು?

ತಮ್ಮಾ, ತಂಗೀ, ನಿನಗೊಂದು ನೇರ ಪ್ರಶ್ನೆ. ನೀನು ಮೊಟ್ಟಮೊದಲು ಸಮುದ್ರ ನೋಡಿದ್ದು ಎಲ್ಲಿ?

ನಾಚಿಕೊಳ್ಳಬೇಡ, ಹೇಳು. ಮದ್ರಾಸಿನ ಮೆರೀನಾದಲ್ಲಿ ತಾನೇ? ಇಲ್ಲವೇ ಪಾಂಡಿಚೇರಿಯಲ್ಲಿ. ಸ್ವಲ್ಪ ದುಡ್ಡಿದ್ದವನಾದರೆ ಗೋವಾದಲ್ಲಿ. ಪಣಂಬೂರು ಎಂದವರು ಎಷ್ಟು ಜನ? ಮಲ್ಪೆ ಎಂದವರು ಎಷ್ಟು ಜನ? ಕಾರವಾರ ಎಂದವರು ಯಾರಾದರೂ ಇದ್ದೀರಾ? ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ನಾಲ್ಕು ಊರಿನ ಬಸ್ ಸ್ಟ್ಯಾಂಡಿನಲ್ಲಿ ನಿಂತು ಹತ್ತು ಹುಡುಗರನ್ನು ಕೇಳಿ ನೋಡು. ಕನ್ನಡನಾಡಿಗೆ ಸುಮಾರು 320 ಕಿಲೋಮೀಟರ್ ಉದ್ದದ ಕಡಲ ತೀರವಿದೆ ಎಂಬುದನ್ನು ಪುಸ್ತಕದಲ್ಲಿ ಓದಿ ಪರೀಕ್ಷೆ ಪಾಸು ಮಾಡಿದ ಈ ಹುಡುಗರು, ಆ ಕಡಲಿಗೆ ಕಾಲು ಅದ್ದಿಲ್ಲ!

ನಾನು ಪ್ರಿಂಟಿಂಗ್ ಪ್ರೆಸ್ ನಡೆಸುವವನು. ಡಿಸೆಂಬರ್ ಬಂತೆಂದರೆ ಪ್ರವಾಸದ ಕರಪತ್ರಗಳು ನನ್ನ ಮೇಜಿನ ಮೇಲೆ ಬಂದು ಬೀಳುತ್ತವೆ. ಮೇಲ್‌ಮರುವತ್ತೂರು ಓಂ ಶಕ್ತಿ, ವೇಲಾಂಕಣಿ, ತಿರುಪತಿ, ಪಾಂಡಿಚೇರಿ, ಮಹಾಬಲಿಪುರ, ಊಟಿ. ದೇವರ ದರ್ಶನಕ್ಕೆ ಹೋಗುವವರನ್ನು ನಾನು ತಡೆಯುವುದಿಲ್ಲ, ಭಕ್ತಿಗೆ ಗಡಿ ಇಲ್ಲ. ಆದರೆ ಚುನಾವಣೆ ಹತ್ತಿರ ಬಂದಾಗ ಪುಢಾರಿಗಳು ಪುಕ್ಕಟೆ ಬಸ್ಸು ಕಟ್ಟಿ ಕಳಿಸುತ್ತಾರಲ್ಲ, ಆ ಬಸ್ಸುಗಳಲ್ಲಿ ಒಂದಾದರೂ "ನಮ್ಮ ನಾಡಿನ ಕಡಲು ನೋಡಿ ಬನ್ನಿ" ಎಂದು ಹೊರಟಿದ್ದುಂಟೇ? ಪಡುವಣಕ್ಕೆ ಹೋಗುವ ಬಸ್ಸು ಎಂದರೆ ಧರ್ಮಸ್ಥಳದ್ದು. ಅದೂ ಹೇಗೆ? ನೇತ್ರಾವತಿಯಲ್ಲಿ ಮುಳುಗು ಹಾಕುತ್ತಾರೆ, ಮಂಜುನಾಥನಿಗೆ ಕೈ ಮುಗಿಯುತ್ತಾರೆ, ಊಟ ಮಾಡಿ ಹಿಂದಕ್ಕೆ ತಿರುಗುತ್ತಾರೆ. ಅದೇ ನೇತ್ರಾವತಿ ಅಲ್ಲಿಂದ ಮಂಗಳೂರಿಗೆ ಹರಿದು ಕಡಲು ಸೇರುವುದನ್ನು ನೋಡಲು ಬಸ್ಸಿಗೆ ಎರಡು ಗಂಟೆ ಪುರುಸೊತ್ತಿಲ್ಲ!

ಮುಳಬಾಗಿಲು ಎಂದರೆ ಮೂಡಲ ಬಾಗಿಲು. ನಾಡಿನ ಮೂಡಣ ದಿಕ್ಕಿನ ಬಾಗಿಲು ಎಂದು ಹಿರಿಯರು ಇಟ್ಟ ಹೆಸರು ಅದು. ಬಾಗಿಲು ಎಂದ ಮೇಲೆ ಅದರ ಹಿಂದೆ ಒಂದು ಮನೆ ಇರಬೇಕು. ಮನೆ ಎಂದ ಮೇಲೆ ಇನ್ನೊಂದು ಕೊನೆಯೂ ಇರಬೇಕು. ನಮ್ಮ ಗತಿ ಏನಾಗಿದೆ ಗೊತ್ತೇ? ಮೂಡಲ ಬಾಗಿಲಲ್ಲಿ ಹುಟ್ಟಿ, ಮೂಡಲ ಬಾಗಿಲಿಂದಲೇ ಹೊರಗೆ ಹೋಗಿ, ಮೂಡಲ ಬಾಗಿಲಿಂದಲೇ ಒಳಗೆ ಬರುತ್ತಿದ್ದೇವೆ. ಪಡಸಾಲೆ ದಾಟಿ ಪಡುವಲ ಬಾಗಿಲವರೆಗೆ ಒಮ್ಮೆಯೂ ನಡೆದಿಲ್ಲ. ಸ್ವಂತ ಮನೆಯಲ್ಲೇ ಬಾಡಿಗೆದಾರರಾಗಿದ್ದೇವೆ.

ಹಳಿ ಹಾಕಿದವರು ಯಾರು?

"ಮದ್ರಾಸು ಹತ್ತಿರ, ಮಂಗಳೂರು ದೂರ, ಅದಕ್ಕೆ ಹೋಗೋದಿಲ್ಲ ಅಣ್ಣಾ" ಎಂದು ನೀನು ಹೇಳಬಹುದು. ಲೆಕ್ಕ ಸರಿಯೇ. ಕೋಲಾರದಿಂದ ಮದ್ರಾಸು ಸುಮಾರು 270 ಕಿಲೋಮೀಟರ್, ಮಂಗಳೂರು 400 ದಾಟುತ್ತದೆ. ಆದರೆ ದೂರ ಎಂಬುದು ಬರೀ ಕಿಲೋಮೀಟರ್ ಕಲ್ಲಿನ ಮೇಲೆ ಬರೆದಿರುವುದಿಲ್ಲ ತಮ್ಮಾ. ಯಾವ ಕಡೆಗೆ ಹಳಿ ಹಾಕಿದ್ದಾರೆ, ಯಾವ ಕಡೆಗೆ ಹಾಕಿಲ್ಲ ಎಂಬುದರಲ್ಲಿ ಬರೆದಿರುತ್ತದೆ. ಚರಿತ್ರೆ ಸ್ವಲ್ಪ ಕೇಳು.

1864ರಲ್ಲಿ ಮದ್ರಾಸ್ ರೈಲ್ವೆ ಕಂಪನಿ ಜೋಲಾರಪೇಟೆಯಿಂದ ಬೆಂಗಳೂರು ದಂಡಿಗೆ ಹಳಿ ಎಳೆಯಿತು. ಮಾಲೂರು, ಬಂಗಾರಪೇಟೆ ಆ ದಾರಿಯಲ್ಲೇ ಬರುವ ಊರುಗಳು. ಅಂದರೆ ನಮ್ಮ ಸೀಮೆಯ ರೈತ ರೈಲು ಹತ್ತಿ ಮದ್ರಾಸಿನ ಕಡಲು ನೋಡುವ ಅನುಕೂಲ ಅಂದೇ ಆಯಿತು. ಅತ್ತ ಕಡೆ ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಎಲ್ಲಿಂದ? ಬೆಂಗಳೂರಿನಿಂದಲ್ಲ! ಶೋರನೂರು, ಕಾಸರಗೋಡಿನ ಕಡೆಯಿಂದ. ದಕ್ಷಿಣ ಕನ್ನಡ ಜಿಲ್ಲೆ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. ದೊರೆಗಳಿಗೆ ಬೇಕಾದದ್ದು ಮದ್ರಾಸು, ಹಳಿಗಳೆಲ್ಲ ಮದ್ರಾಸಿನ ಕಡೆಗೇ ಮುಖ ಮಾಡಿದವು.

ಈಗ ಯೋಚಿಸು. ಮಾಲೂರಿನ ಕನ್ನಡಿಗ ಮದ್ರಾಸಿಗೆ ರೈಲಿನಲ್ಲಿ ಹೋಗಬಹುದಿತ್ತು. ಮಂಗಳೂರಿನ ಕನ್ನಡಿಗನೂ ಪಾಲಕ್ಕಾಡು ಸುತ್ತಿ ಮದ್ರಾಸಿಗೆ ರೈಲಿನಲ್ಲಿ ಹೋಗಬಹುದಿತ್ತು. ಇಬ್ಬರೂ ಮದ್ರಾಸಿನ ಸ್ಟೇಷನ್ನಿನಲ್ಲಿ ಭೇಟಿಯಾಗಬಹುದಿತ್ತು. ಕನ್ನಡನಾಡಿನ ಒಳಗಿನ ಹಳಿಯ ಮೇಲೆ ಒಬ್ಬರ ಮನೆಗೆ ಒಬ್ಬರು ಹೋಗುವಂತಿರಲಿಲ್ಲ! ಇದು ಗುಲಾಮಗಿರಿಯ ಕಾಲದ ಮಾತಾಯಿತು ಬಿಡು. 1947ರಲ್ಲಿ ಸ್ವಾತಂತ್ರ್ಯ ಬಂತು. 1956ರ ನವೆಂಬರ್ 1ರಂದು ನಾಡು ಒಂದಾಯಿತು, ಮಂಗಳೂರೂ ಕೋಲಾರವೂ ಒಂದೇ ರಾಜ್ಯಕ್ಕೆ ಸೇರಿದವು. ಹಾಸನದಿಂದ ಘಟ್ಟ ಇಳಿದು ಮಂಗಳೂರಿಗೆ ರೈಲು ಓಡಿದ್ದು ಯಾವಾಗ? 1979ರಲ್ಲಿ! ಮಾಲೂರಿಗೆ ಮದ್ರಾಸಿನ ರೈಲು ಬಂದ ನೂರಾ ಹದಿನೈದು ವರ್ಷದ ಮೇಲೆ! ಏಕೀಕರಣವಾಗಿ ಇಪ್ಪತ್ಮೂರು ವರ್ಷದ ಮೇಲೆ!

ಅದಾದರೂ ನೆಟ್ಟಗೆ ಉಳಿಯಿತೇ? ಅದು ಮೀಟರ್ ಗೇಜ್ ಹಳಿ, ನಮ್ಮ ಬಂಗಾರಪೇಟೆಯದು ಬ್ರಾಡ್ ಗೇಜ್. ಅದರ ರೈಲು ಇದರ ಮೇಲೆ ಓಡದು, ಇದರ ರೈಲು ಅದರ ಮೇಲೆ ಓಡದು. ಬ್ರಾಡ್ ಗೇಜ್ ಮಾಡುತ್ತೇವೆಂದು 1996ರಲ್ಲಿ ಘಟ್ಟದ ರೈಲು ನಿಲ್ಲಿಸಿದರು. ಮತ್ತೆ ಪ್ರಯಾಣಿಕರ ರೈಲು ಓಡಿದ್ದು 2007ರ ಡಿಸೆಂಬರಿನಲ್ಲಿ. ಹನ್ನೊಂದು ವರ್ಷ! ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಘಟ್ಟದ ಹಳಿ ಸುಮಾರು 55 ಕಿಲೋಮೀಟರ್. ಅದರಲ್ಲಿ ಐವತ್ತಕ್ಕೂ ಹೆಚ್ಚು ಸುರಂಗಗಳಿವೆ, ನೂರಕ್ಕೂ ಹೆಚ್ಚು ಸೇತುವೆಗಳಿವೆ, ಕೆಲಸ ಕಷ್ಟದ್ದೇ, ಒಪ್ಪಿದೆ. ಆದರೆ ಅದೇ ಕಾಲದಲ್ಲಿ ಕೊಂಕಣ ರೈಲ್ವೆಯವರು ಸುಮಾರು 740 ಕಿಲೋಮೀಟರ್ ಹೊಸ ಹಳಿಯನ್ನು, ಅದೂ ಅದೇ ಸಹ್ಯಾದ್ರಿಯ ಮಗ್ಗುಲಲ್ಲಿ ಬೆಟ್ಟ ಕೊರೆದು, 1990ರಲ್ಲಿ ಶುರು ಮಾಡಿ 1998ಕ್ಕೆ ಮುಗಿಸಿದರು. ಅವರಿಗೆ ಎಂಟು ವರ್ಷ ಸಾಕಾಯಿತು. ನಮ್ಮದಕ್ಕೆ ಹನ್ನೊಂದು ವರ್ಷ. ಬೇಕೆಂಬ ಮನಸ್ಸು ಎಲ್ಲಿತ್ತು, ಎಲ್ಲಿರಲಿಲ್ಲ ಎಂಬುದನ್ನು ನಾನು ಬಿಡಿಸಿ ಹೇಳಬೇಕೇ?

ಇಷ್ಟರಲ್ಲಿ ನಮ್ಮವರು ರೈಲ್ವೆ ಮಂತ್ರಿಗಳಾಗಲಿಲ್ಲವೇ? ಕೆಂಗಲ್ ಹನುಮಂತಯ್ಯ ಆದರು, ಟಿ.ಎ. ಪೈ ಆದರು, ಜಾಫರ್ ಷರೀಫ್ ಆದರು, ಮಲ್ಲಿಕಾರ್ಜುನ ಖರ್ಗೆ ಆದರು, ಸದಾನಂದ ಗೌಡ ಆದರು. ನಮ್ಮ ಕೋಲಾರದ ಸಂಸದರಾಗಿದ್ದ ಕೆ.ಎಚ್. ಮುನಿಯಪ್ಪನವರೇ 2009ರಿಂದ 2012ರವರೆಗೆ ರೈಲ್ವೆ ರಾಜ್ಯ ಸಚಿವರಾಗಿದ್ದರು. 2024ರಲ್ಲಿ ತುಮಕೂರಿನ ಸಂಸದ ವಿ. ಸೋಮಣ್ಣ ಅದೇ ಕುರ್ಚಿಗೆ ಬಂದರು. ಕುರ್ಚಿಗೆ ಬರ ಬಂದಿಲ್ಲ. ಮುಳಬಾಗಿಲಿಗೆ ಮಾತ್ರ ರೈಲು ಬಂದಿಲ್ಲ.

ಒಂದೇ ರಸ್ತೆ, ಎರಡು ನ್ಯಾಯ

ರೈಲು ಬಿಡು, ರಸ್ತೆಗೆ ಬಾ. ನಮ್ಮ ಕೋಲಾರ, ಮುಳಬಾಗಿಲಿನ ಮುಂದೆ ಹಾದು ಹೋಗುವ ರಾಷ್ಟ್ರೀಯ ಹೆದ್ದಾರಿ 75 ಎಲ್ಲಿಂದ ಬರುತ್ತದೆ ಎಂದು ಯಾವತ್ತಾದರೂ ಯೋಚಿಸಿದ್ದೀಯಾ? ಮಂಗಳೂರಿನ ಪಕ್ಕದ ಬಂಟ್ವಾಳದಿಂದ! ಶಿರಾಡಿ ಘಟ್ಟ ಹತ್ತಿ, ಸಕಲೇಶಪುರ, ಹಾಸನ, ಕುಣಿಗಲ್, ಬೆಂಗಳೂರು ದಾಟಿ, ಕೋಲಾರ, ಮುಳಬಾಗಿಲಿನ ಮೇಲೆ ವೇಲೂರಿಗೆ ಹೋಗುತ್ತದೆ. ಇನ್ನೊಂದು ಇದೆ, ಹೆದ್ದಾರಿ 69. ಅದು ಹೊನ್ನಾವರದ ಕಡಲ ದಂಡೆಯಿಂದ ಹೊರಟು ಸಾಗರ, ಶಿವಮೊಗ್ಗ, ಶಿರಾ, ಚಿಕ್ಕಬಳ್ಳಾಪುರ, ಚಿಂತಾಮಣಿಯ ಮೇಲೆ ಮುಳಬಾಗಿಲಿಗೆ ಬಂದು ಚಿತ್ತೂರಿಗೆ ಹೋಗುತ್ತದೆ. ನಮ್ಮ ಕಡಲಿಂದ ಹೊರಟ ಎರಡು ದಾರಿಗಳು ನಿನ್ನ ಊರಿನಲ್ಲೇ ಬಂದು ಕೂಡುತ್ತವೆ. ಕೈಕಂಬದ ಹಲಗೆಯ ಮೇಲೆ ನೀನು ಓದುವುದು ಮಾತ್ರ ಚಿತ್ತೂರು, ಮದ್ರಾಸು!

ಅದೇ ರಸ್ತೆಯ ಈ ತುದಿಯಲ್ಲಿ ಹೊಸಕೋಟೆಯಿಂದ ಮುಳಬಾಗಿಲಿಗೆ ನಾಲ್ಕು ಪಥವಾಗಿ ವರ್ಷಗಳಾದವು. ಸಾಲದೆಂದು ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್ ಹೆದ್ದಾರಿ ಬಂತು. 2022ರ ಮೇ ತಿಂಗಳಲ್ಲಿ ಪ್ರಧಾನಿ ಶಂಕುಸ್ಥಾಪನೆ ಮಾಡಿದರು, 2024ರ ಡಿಸೆಂಬರಿನಲ್ಲಿ ಕರ್ನಾಟಕದ ಭಾಗದಲ್ಲಿ ಗಾಡಿಗಳು ಓಡತೊಡಗಿದವು. ಮಾಲೂರು, ಬಂಗಾರಪೇಟೆ ರೈತರ ರಾಗಿ ಹೊಲ, ಮಾವಿನ ತೋಪುಗಳ ನಡುವೆ ಎಪ್ಪತ್ತು ಕಿಲೋಮೀಟರಿನಷ್ಟು ದಾರಿ. ಭೂಮಿ ನಮ್ಮದು, ಅವಸರ ಬೇರೆಯವರದು.

ಅದೇ ಹೆದ್ದಾರಿ 75ರ ಆ ತುದಿಗೆ ಹೋಗಿ ನೋಡು. ಬಿ.ಸಿ. ರೋಡಿನಿಂದ ಗುಂಡ್ಯದ ಕಡೆಗೆ ರಸ್ತೆ ಅಗಲ ಮಾಡುವ ಕೆಲಸ ವರ್ಷಗಟ್ಟಲೆ ಎಳೆದಾಡಿತು. ಮಳೆಗಾಲ ಬಂದರೆ ಶಿರಾಡಿ ಘಟ್ಟ ತೆರೆದಿದೆಯೋ ಮುಚ್ಚಿದೆಯೋ ಎಂದು ಪೇಪರಿನಲ್ಲಿ ನೋಡಿಕೊಂಡು ಹೊರಡಬೇಕು. 2024ರ ಜುಲೈನಲ್ಲಿ ರಸ್ತೆಯ ಮೇಲೂ ಮಣ್ಣು ಕುಸಿಯಿತು, ಎಡಕುಮೇರಿ–ಕಡಗರವಳ್ಳಿ ನಡುವೆ ರೈಲು ಹಳಿಯ ಕೆಳಗೂ ಕುಸಿಯಿತು, ರೈಲುಗಳು ಎರಡು ವಾರ ನಿಂತವು. ಮದ್ರಾಸಿನ ದಾರಿ ಹೀಗೆ ಎರಡು ವಾರ ಮುಚ್ಚಿದ್ದರೆ ದೆಹಲಿಯ ದೊರೆಗಳು ಸುಮ್ಮನಿರುತ್ತಿದ್ದರೇ? ಮಲತಾಯಿ ಧೋರಣೆ ಎಂದರೆ ಇನ್ನೇನು ಸ್ವಾಮಿ?

ಗುಡ್ಡ ಕಡಿದು ಬಯಲು ಮಾಡಿ ಎಂದು ನಾನು ಹೇಳುತ್ತಿಲ್ಲ. ಬೆಟ್ಟವನ್ನು ಗೋಡೆಯ ಹಾಗೆ ನೆಟ್ಟಗೆ ಕಡಿದದ್ದಕ್ಕೇ ಅಲ್ಲಿ ಮಣ್ಣು ಜಾರುತ್ತಿದೆ. ಇರುವ ರಸ್ತೆಯನ್ನು ನೆಟ್ಟಗಿಡಿ, ಇರುವ ಹಳಿಯ ಮೇಲೆ ರೈಲು ಬಿಡಿ ಎಂದಷ್ಟೇ ಕೇಳುತ್ತಿದ್ದೇನೆ.

ನೀರು ಬೇಕು, ನೆಂಟಸ್ತಿಕೆ ಬೇಡವೇ?

"ಕಡಲು ನೋಡದಿದ್ದರೆ ಏನು ಮುಳುಗಿ ಹೋಯಿತು?" ಎನ್ನುವವರು ಇದನ್ನು ಕೇಳಿ. ನಮ್ಮ ಜಿಲ್ಲೆಯಲ್ಲಿ ಹರಿಯುವ ಹೊಳೆಯಿಲ್ಲ. ಬೋರ್‌ವೆಲ್ ಸಾವಿರ ಅಡಿ ದಾಟಿದರೂ ದೂಳು ಹಾರುತ್ತದೆ. ನೀರು ಕೊಡಿ ಎಂದು 2016ರಲ್ಲಿ ಕೋಲಾರ, ಚಿಕ್ಕಬಳ್ಳಾಪುರದ ರೈತರು ಟ್ರ್ಯಾಕ್ಟರ್ ಕಟ್ಟಿಕೊಂಡು ಬೆಂಗಳೂರಿಗೆ ಹೊರಟು ಲಾಠಿ ಏಟು ತಿಂದರು. 2018ರಿಂದ ಬೆಂಗಳೂರಿನ ಕೊಳಚೆಯನ್ನು ಶುದ್ಧ ಮಾಡಿ ನಮ್ಮ ಕೆರೆಗಳಿಗೆ ಬಿಡುತ್ತಿದ್ದಾರೆ. ಇನ್ನೊಂದು ಆಸೆ ಎತ್ತಿನಹೊಳೆ. 2014ರಲ್ಲಿ ಶಂಕುಸ್ಥಾಪನೆ ಆಯಿತು, 2024ರ ಸೆಪ್ಟೆಂಬರಿನಲ್ಲಿ ಮೊದಲ ಹಂತದ ಉದ್ಘಾಟನೆ ಆಯಿತು, 24 ಟಿ.ಎಂ.ಸಿ. ನೀರಿನ ಲೆಕ್ಕ ಹೇಳಿದರು.

ಆ ನೀರು ಯಾರದ್ದು? ನೇತ್ರಾವತಿಗೆ ಸೇರುವ ಹಳ್ಳಗಳದ್ದು. ಕರಾವಳಿಯ ಜನ ಅದಕ್ಕೆ ವಿರೋಧ ಮಾಡಿದರು, ಬಂದ್ ಮಾಡಿದರು. ನಮ್ಮ ಹೊಳೆ ಬತ್ತಿದರೆ ಮೀನಿಗೆ, ತೋಟಕ್ಕೆ, ಕುಡಿಯುವ ನೀರಿಗೆ ಏನು ಗತಿ ಎಂದು ಕೇಳಿದರು. ನಾವು ಇಲ್ಲಿ ಕುಳಿತು "ಹೊಟ್ಟೆಕಿಚ್ಚಿನ ಜನ" ಎಂದು ಬೈದೆವು. ಅವರು ಅಲ್ಲಿ ಕುಳಿತು "ನದಿ ಕಳ್ಳರು" ಎಂದು ಬೈದರು. ಒಂದೇ ನಾಡಿನ, ಒಂದೇ ಭಾಷೆಯ ಪೇಪರು ಓದುವ ಜನ ಹೀಗೆ ವೈರಿಗಳಾದರು. ಯಾಕೆ? ಬೇಸಿಗೆಯಲ್ಲಿ ಮುಳಬಾಗಿಲಿನ ಹೆಂಗಸು ಟ್ಯಾಂಕರಿನ ಮುಂದೆ ಬಿಂದಿಗೆ ಹಿಡಿದು ನಿಂತಿರುವುದನ್ನು ಬಂಟ್ವಾಳದ ಹುಡುಗ ನೋಡಿಲ್ಲ. ಏಪ್ರಿಲ್ ತಿಂಗಳಲ್ಲಿ ನೇತ್ರಾವತಿ ಸೊರಗಿ ಬಂಡೆಗಳು ಎದ್ದು ಕಾಣುವುದನ್ನು ಶ್ರೀನಿವಾಸಪುರದ ಹುಡುಗ ನೋಡಿಲ್ಲ. ಮುಖ ನೋಡದವರ ನಡುವೆ ಪುಢಾರಿಗಳು ಮಾತು ಸಾಗಿಸಿದರು, ಗುತ್ತಿಗೆದಾರರು ಪೈಪು ಸಾಗಿಸಿದರು.

ನಮ್ಮ ಬಾಯಾರಿಕೆಗೆ ಪಡುವಣ ಬೇಕು. ನಮ್ಮ ಮಾವು, ಟೊಮೆಟೊ ಹೊತ್ತ ಲಾರಿಗಳಿಗೆ ಮಂಗಳೂರು ಬೇಕು. ನಮ್ಮ ಹುಡುಗರಿಗೆ ಮಾತ್ರ ಬೇಡ! ಇದು ಯಾವ ಸಂಸಾರ?

ಮನೆ ಮಾತು ಬೇರೆ, ನಾಡ ಮಾತು ಒಂದೇ

ಇನ್ನೊಂದು ಮಾತು ಕೇಳಿಬರುತ್ತದೆ. "ಮಂಗಳೂರಿಗೆ ಹೋದರೆ ಅವರು ತುಳು ಮಾತಾಡುತ್ತಾರೆ, ಕೊಂಕಣಿ ಮಾತಾಡುತ್ತಾರೆ, ಅದೆಂಥ ಕನ್ನಡನಾಡು?" ಎಂದು ನಮ್ಮ ಶಾಲು ಹಾಕಿದ ಹುಡುಗರೇ ಹೇಳುತ್ತಾರೆ. ತಮ್ಮಾ, ಎದೆ ಮುಟ್ಟಿ ಹೇಳು. ಶ್ರೀನಿವಾಸಪುರದ ಸಂತೆಯಲ್ಲಿ ಯಾವ ಭಾಷೆ ಕೇಳಿಸುತ್ತದೆ? ಮುಳಬಾಗಿಲಿನ ಅರ್ಧ ಮನೆಗಳಲ್ಲಿ ಅಜ್ಜಿ ಮೊಮ್ಮಗನನ್ನು ಯಾವ ಭಾಷೆಯಲ್ಲಿ ಕರೆಯುತ್ತಾಳೆ? ತೆಲುಗಿನಲ್ಲಿ. ಅವರೇನು ಕನ್ನಡಿಗರಲ್ಲವೇ? ನಿನ್ನ ಜೊತೆ ನವೆಂಬರ್ ಒಂದಕ್ಕೆ ಬಾವುಟ ಕಟ್ಟುವವರು ಅವರೇ ಅಲ್ಲವೇ?

ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರರ ಮನೆ ಮಾತು ತಮಿಳು. ಕನ್ನಡದ ಆಸ್ತಿ ಎಂದು ನಾಡು ಕರೆದದ್ದು ಅವರನ್ನೇ. 1983ರ ಜ್ಞಾನಪೀಠ ಬಂದದ್ದು ಅವರ ಕನ್ನಡಕ್ಕೆ. ಆ ತುದಿಯಲ್ಲಿ ಮಂಜೇಶ್ವರದ ಗೋವಿಂದ ಪೈಗಳ ಮನೆ ಮಾತು ಕೊಂಕಣಿ. ಕನ್ನಡ ಕಾವ್ಯದ ಪ್ರಾಸದ ಕಟ್ಟು ಮುರಿದು ಹೊಸ ದಾರಿ ಹಾಕಿದವರು ಅವರು. ಕಾಸರಗೋಡನ್ನು ಕನ್ನಡನಾಡಿಗೆ ಸೇರಿಸಿ ಎಂದು ಜೀವಮಾನವಿಡೀ ಹೋರಾಡಿದ ಕಯ್ಯಾರ ಕಿಞ್ಞಣ್ಣ ರೈಗಳ ಮನೆ ಮಾತು ತುಳು. ನೋಡಿದೆಯಾ? ಮೂಡಲ ಬಾಗಿಲಲ್ಲೂ ಪಡುವಲ ಬಾಗಿಲಲ್ಲೂ ಕನ್ನಡವನ್ನು ಕಾದವರು ಮನೆಯಲ್ಲಿ ಬೇರೆ ಮಾತಾಡಿದವರು. ಗಡಿಯಲ್ಲಿ ನಿಂತವನಿಗೇ ಮನೆಯ ಬೆಲೆ ಗೊತ್ತು. ಆದ್ದರಿಂದ ಪಣಂಬೂರಿನಲ್ಲಿ ಬೊಂಡ ಮಾರುವವನ ಮೇಲೆ ಎಗರಾಡಲು ಹೋಗಬೇಡ. ನೀನು ಕನ್ನಡದಲ್ಲಿ ಕೇಳು, ಅವನು ಕನ್ನಡದಲ್ಲೇ ಕೊಡುತ್ತಾನೆ. ಅವನ ಕನ್ನಡ ನಿನ್ನ ಕನ್ನಡಕ್ಕಿಂತ ಪುಸ್ತಕಕ್ಕೆ ಹತ್ತಿರ ಇರುತ್ತದೆ, ಸ್ವಲ್ಪ ನಾಚಿಕೆಯೂ ಆಗಲಿ!

ಮಂಗಳೂರಿನಿಂದ ಇನ್ನು ಐವತ್ತು ಕಿಲೋಮೀಟರ್ ಹೋದರೆ ಕಾಸರಗೋಡು. 1956ರಲ್ಲಿ ಕೇರಳಕ್ಕೆ ಹೋಯಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತು, ಅದು ಕಪಾಟಿನಲ್ಲಿ ಕೊಳೆಯಿತು. ಅಲ್ಲಿ ಕನ್ನಡ ಶಾಲೆಗೆ ಹೋಗುವ ಮಕ್ಕಳು ಇಂದಿಗೂ ಇದ್ದಾರೆ. ಅವರನ್ನು ಮಾತಾಡಿಸಲು ನಮ್ಮಲ್ಲಿ ಯಾರು ಹೋಗಿದ್ದೇವೆ? ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ "ಕಾಸರಗೋಡು ನಮ್ಮದು" ಎಂದು ಕೂಗಿದವನು ಒಮ್ಮೆ ಕಾಸರಗೋಡಿನ ಬಸ್ ಸ್ಟ್ಯಾಂಡಿನಲ್ಲೂ ಇಳಿಯಬೇಕಲ್ಲವೇ?

ನಮ್ಮ ಬೇಡಿಕೆ ಒಂದೇ

ಕೇಳುವುದನ್ನು ಸ್ಪಷ್ಟವಾಗಿ ಕೇಳೋಣ. ಬೆಂಗಳೂರಿನಿಂದ ಮಂಗಳೂರಿಗೆ, ಕಾರವಾರಕ್ಕೆ, ಮುರುಡೇಶ್ವರಕ್ಕೆ ಹೋಗುವ ರೈಲುಗಳಿವೆ. ಅವುಗಳಲ್ಲಿ ಒಂದನ್ನು, ಒಂದೇ ಒಂದನ್ನು, ಬಂಗಾರಪೇಟೆಯಿಂದ ಹೊರಡಿಸಿ. ಮಾಲೂರಿನಲ್ಲಿ ನಿಲ್ಲಿಸಿ. ಶ್ರೀನಿವಾಸಪುರ, ಕೋಲಾರದ ಜನ ಬಂಗಾರಪೇಟೆಗೆ ಬರುತ್ತಾರೆ, ಮುಳಬಾಗಿಲಿನವರು ಬಸ್ಸಿನಲ್ಲಿ ಬರುತ್ತಾರೆ. ಘಟ್ಟದ ಹಳಿಯ ಮೇಲೆ ಜಾಗವಿಲ್ಲ, ಅದು ಒಂಟಿ ಹಳಿ ಎಂದು ರೈಲ್ವೆಯವರು ನೆಪ ಹೇಳುತ್ತಾರೆ. ಹೊಸ ರೈಲು ಕೇಳುತ್ತಿಲ್ಲ ಸ್ವಾಮಿ! ಘಟ್ಟದ ಮೇಲೆ ಒಂದು ಗಾಲಿಯೂ ಹೆಚ್ಚಾಗುವುದಿಲ್ಲ. ಹೆಚ್ಚಾಗುವುದು ಬೆಂಗಳೂರು–ಬಂಗಾರಪೇಟೆ ನಡುವಿನ ಎಪ್ಪತ್ತು ಕಿಲೋಮೀಟರ್, ಅಲ್ಲಿ ಜೋಡಿ ಹಳಿ ಇದೆ. ಸರಕು ಇದೆ, ಹಳಿ ಇದೆ, ಮನಸ್ಸೊಂದು ಇಲ್ಲ.

ಇನ್ನೊಂದು ತೊಡಕೂ ಬಯಲಾಗಲಿ. 2003ರಲ್ಲಿ ಹುಬ್ಬಳ್ಳಿಯಲ್ಲಿ ನೈಋತ್ಯ ರೈಲ್ವೆ ಬಂತು, ಆದರೆ ಮಂಗಳೂರಿನ ಎರಡು ದೊಡ್ಡ ಸ್ಟೇಷನ್ನುಗಳು ದಕ್ಷಿಣ ರೈಲ್ವೆಯ ಪಾಲಕ್ಕಾಡು ವಿಭಾಗದ ಕೈಯಲ್ಲೇ ಉಳಿದವು. ಕನ್ನಡನಾಡಿನ ಬಂದರಿನ ರೈಲಿಗೆ ಯಜಮಾನ ಪಾಲಕ್ಕಾಡಿನಲ್ಲಿ! ನಮ್ಮ ಪಡುವಲ ಬಾಗಿಲ ಬೀಗದ ಕೈ ಯಾರ ಸೊಂಟದಲ್ಲಿದೆ ಎಂದು ಈಗ ತಿಳಿಯಿತೇ? ಅದನ್ನು ಮೈಸೂರು ವಿಭಾಗಕ್ಕೆ ಸೇರಿಸಿ ಎಂದು ಕರಾವಳಿಯವರು ಕೂಗುತ್ತಿದ್ದಾರೆ. ಆ ಕೂಗಿಗೆ ಮುಳಬಾಗಿಲಿನಿಂದ ಒಂದು ದನಿ ಸೇರಲಿ. ನಾಳೆ ನಮ್ಮ ನೀರಿನ ಕೂಗಿಗೆ ಅವರೂ ಕಿವಿ ಕೊಟ್ಟಾರು.

ರೈಲು ಬರುವವರೆಗೆ ಕಾಯಬೇಡ. ಈ ಸಂಕ್ರಾಂತಿ ಕಳೆದ ಮೇಲೆ ನಾಲ್ಕು ಜನ ಗೆಳೆಯರು ಸೇರಿ ಹೊರಡಿ. ಬೆಂಗಳೂರಿಗೆ ಹೋಗಿ ರೈಲು ಹಿಡಿಯಿರಿ. ಟಿಕೆಟನ್ನು ಕನ್ನಡದಲ್ಲೇ ಕೇಳಿ. ಸ್ಟೇಷನ್ ಹಲಗೆಯಲ್ಲಿ ಕನ್ನಡ ತಪ್ಪಾಗಿದ್ದರೆ, ದೂರು ಪುಸ್ತಕ ತರಿಸಿ ಕನ್ನಡದಲ್ಲೇ ಬರೆಯಿರಿ. ಮಂಗಳೂರಿನಲ್ಲಿ ಸುಲ್ತಾನ್ ಬತ್ತೇರಿಯಿಂದ ದೋಣಿ ಹತ್ತಿ ಹೊಳೆ ದಾಟಿ ತಣ್ಣೀರುಬಾವಿಗೆ ಹೋಗಿ. ಮೀನು ಹಿಡಿಯುವವರ ಜೊತೆ ಕುಳಿತು ಹೊಳೆಯ ಕಷ್ಟ ಕೇಳಿ, ನಮ್ಮ ಬೋರ್‌ವೆಲ್ಲಿನ ಕಷ್ಟ ಹೇಳಿ. ಬರುವಾಗ ಅವರನ್ನು ಕೋಲಾರಕ್ಕೆ ಕರೆಯಿರಿ. ಅಂತರಗಂಗೆ ತೋರಿಸೋಣ, ಕುರುಡುಮಲೆ ಗಣೇಶನನ್ನು ತೋರಿಸೋಣ, ಅವರೆಕಾಳು ಸಾರು ಮುದ್ದೆ ಇಕ್ಕೋಣ.

ಹಿಂತಿರುಗಿದ ಮೇಲೆ ಬಂಗಾರಪೇಟೆ ರೈಲಿನ ಮನವಿ ಪತ್ರ ಬರೆಯಿರಿ. ಹಳ್ಳಿ ಹಳ್ಳಿಗೆ ಹಂಚಲು ಎಷ್ಟು ಬೇಕಾದರೂ ಅಚ್ಚು ಹಾಕಿಸಿ, ಕಾಗದದ ಖರ್ಚು ನಿಮ್ಮದು, ಅಚ್ಚಿನ ಕೂಲಿ ನನ್ನದು. ಸಹಿ ಮಾಡಿಸಿ ಸಂಸದರ ಮನೆ ಬಾಗಿಲಿಗೆ ಹೋಗಿ ಕೊಡಿ. ಓಟು ಕೇಳಲು ಬಂದವನನ್ನು ಒಂದೇ ಪ್ರಶ್ನೆ ಕೇಳಿ: "ನಮ್ಮೂರಿನಿಂದ ನಮ್ಮ ಕಡಲಿಗೆ ರೈಲು ಯಾವಾಗ?"

ಉತ್ತರ ಕೊಡದವನಿಗೆ ಮೂಡಲ ಬಾಗಿಲನ್ನೇ ತೋರಿಸಿ. ಅದು ತೆರೆದೇ ಇದೆ!

ಸಿರಿಗನ್ನಡಂ ಗೆಲ್ಗೆ!